ಗಾಳಿ ನೋಡಿ ಸೈಕಲ್ ಹತ್ತುವುದು: ದುರ್ಗದ ಸುತ್ತಿನ ನನ್ನ ಅನುಭವ

ಮನಸ್ಸು ಕದಡಿದಾಗ ಗೊತ್ತುಗುರಿ ಇಲ್ಲದೆ ಸೈಕಲ್ ಹತ್ತಿ ಹೊರಟರೆ ಒಂದೂವರೆ ಗಂಟೆಯಲ್ಲಿ ತಲೆ ತಿಳಿಯಾಗುತ್ತದೆ. ಆದರೆ ಹೊರಡೋಣ ಅನಿಸಿದ ಗಳಿಗೆಯಲ್ಲಿ ಟೈರು ಮೆತ್ತಗಿದ್ದರೆ, ಪಂಪು ಹುಡುಕುವಷ್ಟರಲ್ಲೇ ಆ ಹುಕಿ ಆರಿಹೋಗುತ್ತದೆ. ಅದಕ್ಕೇ ನನ್ನ ತಯಾರಿಯೆಲ್ಲ ಸೈಕಲ್ಲಿಗೆ. ದಾರಿಗೆ ಯಾವ ತಯಾರಿಯೂ ಇಲ್ಲ.

ನನ್ನದು 700×35 ಅಳತೆಯ ಟೈರಿನ ಹೈಬ್ರಿಡ್ ಸೈಕಲ್. ಎಪ್ಪತ್ತು ಕೆಜಿ ಆಸುಪಾಸಿನವರಿಗೆ ಹಿಂದಿನ ಚಕ್ರಕ್ಕೆ 60 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಮುಂದಿನದಕ್ಕೆ 55 ಸಾಕು. ಟ್ಯೂಬಿನ ರಬ್ಬರ್ ಮೂಲಕವೇ ಗಾಳಿ ಸಣ್ಣಗೆ ಸೋರುತ್ತಿರುತ್ತದೆ, ಹಾಗಾಗಿ ಪಂಕ್ಚರ್ ಇಲ್ಲದಿದ್ದರೂ ವಾರಕ್ಕೊಮ್ಮೆ ಹೊಡೆಯಲೇಬೇಕು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಪ್ಯಾಚು, ಸಲ್ಯೂಷನ್, ಉಪ್ಪುಕಾಗದ, ಅಲೆನ್ ಕೀ ಸೆಟ್, ಕೈಪಂಪು ಮತ್ತು ಇನ್ನೂರು ರೂಪಾಯಿ ಚಿಲ್ಲರೆ ಸದಾ ಇರುತ್ತವೆ. ಅದರೊಳಗಿನದನ್ನು ಬೇರೆ ಕೆಲಸಕ್ಕೆ ತೆಗೆಯಬಾರದು. ಮನೆಯವರಿಗೆ ಹೇಳುವುದು ಒಂದೇ ಮಾತು: ಯಾವ ದಿಕ್ಕು, ಎಷ್ಟು ಹೊತ್ತಿಗೆ ವಾಪಸ್.

ಆ ದಿಕ್ಕನ್ನು ನಾನು ಗಾಳಿಗೇ ಬಿಡುತ್ತೇನೆ. ಚಿತ್ರದುರ್ಗದಲ್ಲಿ ಗಾಳಿ ನೋಡಲು ಆ್ಯಪ್ ಬೇಕಿಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಯಂತ್ರದ ರೆಕ್ಕೆಗಳು ಯಾವಾಗಲೂ ಗಾಳಿ ಬರುವ ಕಡೆಗೇ ಮುಖ ಮಾಡುತ್ತವೆ. ರೆಕ್ಕೆಗಳ ಹಿಂದಿರುವ ಉದ್ದನೆಯ ಪೆಟ್ಟಿಗೆ ಯಾವ ಕಡೆಗೆ ಚಾಚಿದೆಯೋ ಗಾಳಿ ಆ ಕಡೆಗೆ ಹೋಗುತ್ತಿದೆ ಎಂದರ್ಥ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರಬೇಕು, ಇದೊಂದನ್ನು ನಾನು ಮೀರುವುದಿಲ್ಲ. ಬೆನ್ನುಗಾಳಿಯಲ್ಲಿ ಹೊರಟವರಿಗೆ ತಮ್ಮ ಕಾಲಿನ ಬಲವೇ ಹೆಚ್ಚಿದಂತೆ ಅನಿಸಿ ದೂರ ಹೋಗಿಬಿಡುತ್ತಾರೆ. ತಿರುಗಿದ ಮೇಲೆ, ದಣಿದ ಕಾಲಿಗೆ, ಅದೇ ಗಾಳಿ ಎದುರಾಗುತ್ತದೆ. ಹಗುರಾಗಲು ಹೋದವರು ಸಿಡುಕಿಕೊಂಡು ಬರುವುದು ಹೀಗೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆಗ ಹೊಳಲ್ಕೆರೆ ಕಡೆ ಹೋಗುವುದು ಸರಿ. ಬೆಳಗ್ಗೆ ಸೂರ್ಯ ಬೆನ್ನಿಗಿರುವುದರಿಂದ ಹಿಂದೆ ಬರುವ ಲಾರಿಯವರಿಗೂ ನಾವು ಚೆನ್ನಾಗಿ ಕಾಣುತ್ತೇವೆ. ಚಳಿಗಾಲದಲ್ಲಿ ಮೂಡಗಾಳಿ. ಗಾಳಿಯ ಲೆಕ್ಕದಲ್ಲಿ ಚಳ್ಳಕೆರೆ ಕಡೆ ಹೋಗಬೇಕು, ಆದರೆ ಸೂರ್ಯ ಏಳುವ ಹೊತ್ತಿಗೆ ಆ ರಸ್ತೆಯಲ್ಲಿ ಹಿಂದಿನ ಚಾಲಕರ ಕಣ್ಣಿಗೆ ನೇರ ಬಿಸಿಲು ಹೊಡೆದು ಸೈಕಲ್ ಕಾಣುವುದೇ ಇಲ್ಲ. ಹೀಗಾಗಿ ಆ ತಿಂಗಳುಗಳಲ್ಲಿ ಬಿಸಿಲು ಮೇಲೇರುವವರೆಗೆ ಕಾಯುತ್ತೇನೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿಣುಕುತ್ತಿರಬೇಕು. ಬೆಂಗಳೂರು–ಪುಣೆ ಹೆದ್ದಾರಿಯನ್ನು ದಾಟುತ್ತೇನೆಯೇ ಹೊರತು ಅದರ ಮೇಲೆ ಓಡಿಸುವುದಿಲ್ಲ.

ಸಮಯ ಕಡಿಮೆ ಇದ್ದರೆ ಚಂದ್ರವಳ್ಳಿ ಇದ್ದೇ ಇದೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿನ ಬಂಡೆಯ ಮೇಲಿದೆ. ಕೆರೆಯ ದಂಡೆಯಲ್ಲಿ ಹತ್ತು ನಿಮಿಷ ಕೂತು ಬಂದರೂ ಸವಾರಿ ಸವಾರಿಯೇ.

ಇನ್ನು ಮನಸ್ಸಿನ ಮಾತು. ಮೊದಲ ಕಾಲು ಗಂಟೆ ತಲೆಯೊಳಗಿನ ಗಲಾಟೆ ನಿಲ್ಲುವುದಿಲ್ಲ, ನಿಲ್ಲಿಸಲು ಹೋಗಲೂಬಾರದು. ಹಗುರ ಗೇರಿನಲ್ಲಿ, ನಿಮಿಷಕ್ಕೆ ಎಪ್ಪತ್ತು ಎಪ್ಪತ್ತೈದು ಸುತ್ತಿನಂತೆ ಪೆಡಲ್ ತುಳಿಯುತ್ತಿರಬೇಕು. ಉಸಿರು ಮೂಗಿನಲ್ಲೇ ಆಡಬೇಕು. ಬಾಯಿ ತೆರೆದರೆ ವೇಗ ಜಾಸ್ತಿ ಎಂದು ತಿಳಿದು ಗೇರು ಇಳಿಸಿಬಿಡಿ. ಸಮತಟ್ಟಾದ ರಸ್ತೆ ಸಿಕ್ಕಮೇಲೆ ಎರಡು ಸುತ್ತಿಗೆ ಉಸಿರು ಒಳಗೆ, ಮೂರು ಸುತ್ತಿಗೆ ಹೊರಗೆ. ಏರಿನಲ್ಲಿ ಈ ಎಣಿಕೆ ಕೈಬಿಡಿ, ಅಲ್ಲಿ ದೇಹ ತನಗೆ ಬೇಕಾದಷ್ಟು ಉಸಿರಾಡಲಿ. ಎಣಿಕೆ ತಪ್ಪಿತೆಂದರೆ ಮನಸ್ಸು ಎಲ್ಲೋ ಹೋಗಿದೆ ಎಂದು ಗೊತ್ತಾಗುತ್ತದೆ, ಮತ್ತೆ ಒಂದರಿಂದ ಶುರು. ಬೇಸರಪಡುವಂಥದ್ದೇನಿಲ್ಲ. ಹೀಗೆ ತಪ್ಪುವುದು, ಮರಳುವುದು, ಇದೇ ಅಭ್ಯಾಸ.

ಮನಸ್ಸಿನ ಬಿಗಿ ಮೊದಲು ಕಾಣುವುದು ಮೈಯಲ್ಲಿ: ಭುಜ ಕಿವಿಯ ಹತ್ತಿರ ಏರಿರುತ್ತದೆ, ಹ್ಯಾಂಡಲ್ ಹಿಡಿದ ಬೆರಳು ಬೆಳ್ಳಗಾಗಿರುತ್ತವೆ. ಪ್ರತಿ ಮೈಲಿಗಲ್ಲಿಗೂ ಭುಜ ಇಳಿಸಿ, ಮೊಣಕೈ ಸ್ವಲ್ಪ ಮಡಚಿ, ಕೈಯ ಜಾಗ ಬದಲಿಸಿ. ಅಂಗೈ ಜೋಮು ಹಿಡಿಯುವುದೂ ಇದರಿಂದ ತಪ್ಪುತ್ತದೆ. ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ವಾಹನದ ಸದ್ದು ಕೇಳದಿರುವುದು ಒಂದು ಅಪಾಯ. ಜೊತೆಗೆ, ನುಣುಪು ಡಾಂಬರಿನ ಮೇಲೆ ಟೈರಿನ ಸಣ್ಣ ಗುಂಯ್‌ಗುಡುವಿಕೆ, ಜಲ್ಲಿ ಎದ್ದ ರಸ್ತೆಯ ಕರಕರ, ತಿರುವಿನಲ್ಲಿ ಕಿವಿಯ ಗಾಳಿ ಥಟ್ಟನೆ ನಿಂತುಹೋಗುವುದು, ಗಮನ ಕಟ್ಟಿಹಾಕಲು ಇವುಗಳಿಗಿಂತ ಒಳ್ಳೆಯ ಗೂಟ ಬೇರೊಂದಿಲ್ಲ.

ನಮ್ಮ ಕಡೆ ಸವಾರಿ ಕೆಡಿಸುವುದು ಮುಳ್ಳು. ಬಳ್ಳಾರಿ ಜಾಲಿ ಮೇಲಿಂದ ಬೀಳುತ್ತದೆ, ನೆಗ್ಗಿಲು ನೆಲದಲ್ಲೇ ಹಬ್ಬಿರುತ್ತದೆ. ಡಾಂಬರು ಬಿಟ್ಟು ಪಕ್ಕದ ಮಣ್ಣಿಗೆ ಇಳಿದಿರೋ, ಒಂದೇ ಸಲಕ್ಕೆ ನಾಲ್ಕೈದು ಚುಚ್ಚಿಕೊಳ್ಳುತ್ತವೆ. ಇಳಿಯಲೇಬೇಕಾದರೆ ಸೈಕಲ್ ಎತ್ತಿಕೊಳ್ಳಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬೆರಳು ಮೆಲ್ಲಗೆ ಒಂದು ಸುತ್ತು ಆಡಿಸಿ. ಮುಳ್ಳಿನ ಮೊನೆ ಮುರಿದು ರಬ್ಬರಿನಲ್ಲೇ ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದನ್ನು ಬಿಟ್ಟರೆ ಹೊಸ ಟ್ಯೂಬೂ ಸ್ವಲ್ಪ ದೂರದಲ್ಲೇ ಹೋಯಿತು. ಪ್ಯಾಚು ಹಾಕುವುದಾದರೆ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಬಳಿದು, ಅದರ ಹೊಳಪು ಆರುವವರೆಗೆ ಐದು ನಿಮಿಷ ಬಿಡಿ. ಹಸಿಯಾಗಿರುವಾಗ ಅಂಟಿಸಿದ ಪ್ಯಾಚು ಜಾರುತ್ತದೆ. ಎರಡು ತೂತು ಅಕ್ಕಪಕ್ಕ ಇದ್ದರೆ ಅದು ಮುಳ್ಳಲ್ಲ, ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿದ್ದು.

ಸುಗ್ಗಿಯಲ್ಲಿ ಹಳ್ಳಿ ರಸ್ತೆಯೇ ಕಣ. ಒಣಗಲು ಹರಡಿದ ಮೆಕ್ಕೆಜೋಳದ ಕಾಳು ಚಕ್ರದ ಕೆಳಗೆ ಉರುಳುತ್ತದೆ, ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದಂತೆಯೇ. ಹುರುಳಿ ಬಳ್ಳಿ ಹಾಸಿದ್ದರೆ ಅದು ಹಿಂದಿನ ಗೇರಿಗೆ ಸುತ್ತಿಕೊಂಡು, ಗೇರು ಬದಲಿಸುವ ಡಿರೈಲರನ್ನೇ ಬಗ್ಗಿಸುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ, ಅದು ರೈತರ ಅನ್ನ ಕೂಡ. ಮಳೆ ಬಿದ್ದ ಮಾರನೇ ದಿನ ಎರೆ ಹೊಲದ ದಾರಿಗೆ ಹೋಗಬೇಡಿ, ಮಣ್ಣು ಮಡ್‌ಗಾರ್ಡಿನೊಳಗೆ ಕಚ್ಚಿಕೊಂಡು ಚಕ್ರವೇ ತಿರುಗುವುದಿಲ್ಲ.

ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಹಾಕಿಕೊಂಡು, ಎಂಟೂವರೆಗೆಲ್ಲ ಮನೆ ಸೇರುವ ಹಾಗೆ ನೋಡಿಕೊಳ್ಳುತ್ತೇನೆ. ಎಲ್ಲಿ ತಿರುಗಬೇಕು ಎಂಬುದಕ್ಕೆ ನೀರೇ ಅಳತೆ: ಅರ್ಧ ಮುಗಿಯಿತೆಂದರೆ ಊರಿನ ಕಡೆಗೆ.

ದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಏರು ಮಾತ್ರ ಹುಕಿಗೆ ಹೋಗುವ ಜಾಗವಲ್ಲ. ಅದು ಅರಣ್ಯ, ಕರಡಿ, ಚಿರತೆ ಇರುವ ಕಾಡು. ಮುಂಜಾವು, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬಾರದು, ಪ್ರವೇಶದ ಸಮಯವನ್ನೂ ಮೊದಲೇ ಕೇಳಿಕೊಳ್ಳಬೇಕು. ಇಳಿಯುವಾಗ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ರಿಮ್ಮು, ರಬ್ಬರು ಎರಡೂ ಕಾಯುತ್ತವೆ, ಹಿಡಿತ ಸಡಿಲುತ್ತದೆ. ತಿರುವಿಗೆ ಮುಂಚೆಯೇ ಮುಂದಿನದು, ಹಿಂದಿನದು ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಬ್ರೇಕ್ ರಬ್ಬರಿನ ಗೀರು ಸವೆದು ಮಾಸಿದ್ದರೆ ಅವತ್ತು ಆ ಕಡೆ ತಿರುಗಲೇಬೇಡಿ.