ಸಂಪಿನ ನೀರು ತಿಳಿಯಾಗಿತ್ತು, ಬಾಟಲಿ ಕಪ್ಪಾಯಿತು

ಗುಬ್ಬಿ ಹತ್ತಿರ ನಮ್ಮ ಮನೆ. ಒಂದೇ ತಿಂಗಳಲ್ಲಿ ಮಗಳಿಗೆ ಎರಡು ಸಲ ಭೇದಿ ಆಯಿತು. ಸಂಪಿನ ನೀರು ತಿಳಿಯಾಗೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಎಚ್‌ಟುಎಸ್ ಬಾಟಲಿ (ನೀರಿಗೆ ಮಲ ಸೇರಿದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿ) ತಂದು, ಗೆರೆವರೆಗೆ ಸಂಪಿನ ನೀರು ತುಂಬಿ ಗೂಡಿನಲ್ಲಿಟ್ಟೆ. ಮಾರನೇ ದಿನ ಇದ್ದಿಲು ಕಲಸಿದ ಹಾಗೆ ಕಪ್ಪಾಗಿತ್ತು. ಎದೆ ಧಸಕ್ಕೆಂದಿತು.

ಲ್ಯಾಬ್‌ಗೂ ಕೊಟ್ಟೆ. ಇ. ಕೋಲಿ ಇದೆ ಅಂದರು. ಇದು ಮನುಷ್ಯರ, ದನಕರುಗಳ ಕರುಳಲ್ಲಿ ಇರುವ ಬ್ಯಾಕ್ಟೀರಿಯಾ. ಬಹಳಷ್ಟು ತಳಿಗಳಿಂದ ತೊಂದರೆಯಿಲ್ಲ. ಆದರೆ ನೀರಿನಲ್ಲಿ ಕಂಡರೆ ಮಲ ಸೇರಿದೆ ಎಂದೇ ಅರ್ಥ, ಜೊತೆಗೆ ಟೈಫಾಯಿಡ್, ಕಾಲರಾ ರೋಗಾಣುಗಳೂ ಬರಬಹುದು. ಒಂದೊಂದನ್ನೇ ಹುಡುಕುವುದು ಕಷ್ಟ, ಅಲ್ವಾ? ಅದಕ್ಕೇ ಇದನ್ನು ನೋಡುತ್ತಾರೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಸಂಪಿನ ಮುಚ್ಚಳದ ಅಂಚಿನಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. ಮಳೆ ಬಂದಾಗ ಕೊಟ್ಟಿಗೆ ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಸಂಪು ಖಾಲಿ ಮಾಡಿ ಉಜ್ಜಿ ತೊಳೆದೆವು. ಬಿರುಕಿಗೆ ಸಿಮೆಂಟ್ ಹಾಕಿ, ಕೊಟ್ಟಿಗೆ ಚರಂಡಿಯನ್ನು ಆಚೆ ತಿರುಗಿಸಿದೆವು. ಹೊಸ ನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್. ಸುಮ್ನೆ ಪುಡಿ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡಿ.

ವಾರ ಬಿಟ್ಟು ಮತ್ತೆ ಬಾಟಲಿ ಇಟ್ಟೆ. ಎರಡು ದಿನ ಕಳೆದರೂ ಕಪ್ಪಾಗಲಿಲ್ಲ.