ರಾಸ್ ದ್ವೀಪದ ಬಂಗಲೆಯನ್ನು ಬೇರು ಹಿಡಿದು ಬಿಡಿಸಿದ್ದು

ಹಳೇ ಕಟ್ಟಡಗಳನ್ನು ಪೆನ್ನು-ಇಂಕಲ್ಲಿ ಬಿಡಿಸುವುದು ನನ್ನ ಹವ್ಯಾಸ. ಅಂಡಮಾನಿನ ರಾಸ್ ದ್ವೀಪದಲ್ಲಿರುವ, ಬ್ರಿಟಿಷರ ಕಾಲದ ಚೀಫ್ ಕಮಿಷನರ್ ಬಂಗಲೆಗೆ ಮಾತ್ರ ಬೇರೆಯದೇ ದಾರಿ ಹುಡುಕಬೇಕಾಯಿತು. ಅಲ್ಲಿ ಗೋಡೆಗಿಂತ ಮರವೇ ಜಾಸ್ತಿ.

2018ರಲ್ಲಿ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಹೆಸರಿಟ್ಟರು. ಹೆಸರಿಗೆ ಕಾರಣವೂ ಇದೆ: 1943ರ ಡಿಸೆಂಬರಿನಲ್ಲಿ ಅವರು ಇಲ್ಲಿಗೆ ಬಂದಾಗ ತಂಗಿದ್ದು ಇದೇ ಬಂಗಲೆಯಲ್ಲಿ. ಪೋರ್ಟ್ ಬ್ಲೇರಿನ (ಈಗಿನ ಶ್ರೀ ವಿಜಯಪುರಂ) ಅಬರ್ಡೀನ್ ಜೆಟ್ಟಿ ಪಕ್ಕದಿಂದ ದೋಣಿ ಸಿಗುತ್ತದೆ. ಬುಧವಾರ ರಜೆ. ಬೆಳಗಿನ ದೋಣಿಯನ್ನೇ ಹಿಡಿಯಿರಿ, ಆಮೇಲೆ ಗುಂಪೂ ಬಿಸಿಲೂ ಒಟ್ಟಿಗೇ ಬರುತ್ತವೆ.

ಬಂಗಲೆಗೆ ಹತ್ತುವ ಮುಂಚೆ ಅಲ್ಲೇ ಇರುವ ಸ್ಮೃತಿಕಾ ಮ್ಯೂಸಿಯಂಗೆ ಹೋಗಿ ಹಳೇ ಫೋಟೋಗಳನ್ನು ನಿಧಾನವಾಗಿ ನೋಡಿದೆ. 1858ರಲ್ಲಿ ಬ್ರಿಟಿಷರು ಕೈದಿಗಳಿಂದಲೇ ಇಲ್ಲಿನ ಕಾಡು ಕಡಿಸಿದರು. ಅವರ ಬೆವರಿನ ಮೇಲೆ ಸಾಹೇಬರ ಊರು ಎದ್ದಿತು. 1941ರ ಜೂನಿನಲ್ಲಿ ಭೂಕಂಪ, ಮರುವರ್ಷ ಜಪಾನೀಯರು. ಯುದ್ಧ ಮುಗಿದ ಮೇಲೆ ಬಂಗಲೆ ಪೂರ್ತಿ ಆಲದ ಜಾತಿಯ ಮರಗಳ ಪಾಲಾಯಿತು.

ಸಾಮಾನ್ಯವಾಗಿ ನಾನು ಗೋಡೆಯ ಅಂಚಿನಿಂದ ಶುರು ಮಾಡುತ್ತೇನೆ. ಇಲ್ಲಿ ಅಂಚೇ ಇಲ್ಲ, ಇಟ್ಟಿಗೆ ಉದುರಿಹೋಗಿದೆ. ಸುಮ್ನೆ ಕೂತು ನೋಡುತ್ತಿದ್ದಾಗ ಒಂದು ಬೇರು ಕಣ್ಣಿಗೆ ಬಿತ್ತು. ಮೇಲಿಂದ ನೆಟ್ಟಗೆ ಇಳಿದು, ತಟ್ಟನೆ ಅಡ್ಡಕ್ಕೆ ತಿರುಗಿ, ಮತ್ತೆ ನೆಟ್ಟಗೆ ಇಳಿದಿತ್ತು. ಮರ ತಾನಾಗಿ ಹಾಗೆ ಮೂಲೆ ಮಾಡುವುದಿಲ್ಲ ಅಲ್ವಾ? ಕಿಟಕಿಯ ಚೌಕಟ್ಟು ಇದ್ದದ್ದು ಅಲ್ಲೇ. ಖಾಲಿ ಜಾಗ ಬಿಟ್ಟು, ಆಧಾರ ಸಿಕ್ಕ ಕಡೆ ಬೇರು ಹರಿದಿದೆ. ಇಟ್ಟಿಗೆ ಹೋದರೂ ಆ ತಿರುವು ಉಳಿದಿದೆ.

ಅಲ್ಲಿಂದ ಕೆಲಸ ಸಲೀಸಾಯಿತು. ಮೊದಲು ದಪ್ಪ ಬೇರುಗಳನ್ನಷ್ಟೇ ಪೆನ್ಸಿಲಿನಲ್ಲಿ ಎಳೆದೆ. ತಿರುವುಗಳಿಗೆಲ್ಲ ಚುಕ್ಕೆ ಇಟ್ಟು, ಚುಕ್ಕೆ ಸೇರಿಸಿ ಬಾಗಿಲು, ಕಿಟಕಿ ಗುರುತು ಮಾಡಿದೆ. ಕೊನೆಗೆ ಉಳಿದ ಇಟ್ಟಿಗೆ. ಅದನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ, ಚಿತ್ರ ಸತ್ತೇ ಹೋಗುತ್ತದೆ. ಅಲ್ಲಲ್ಲಿ ನಾಲ್ಕು ಸಾಲು ಸಾಕು.

ಸೆಕೆಗೆ ಅಂಗೈ ಬೆವರಿ ಇಂಕು ಹರಡುತ್ತದೆ. ಕೈ ಕೆಳಗೆ ಒಂದು ಬಟ್ಟೆ ಇಟ್ಟುಕೊಳ್ಳಿ. ಚುಕ್ಕಿ ಜಿಂಕೆಗಳಿಗೆ ಮನುಷ್ಯರ ಭಯವೇ ಇಲ್ಲ, ತಿಂಡಿ ಇದೆಯಾ ಅಂತ ಚೀಲಕ್ಕೇ ಮೂತಿ ಹಾಕುತ್ತವೆ. ಪೇಪರ್ ಕೂಡ ಬಿಡುವ ಜಾತಿಯಲ್ಲ, ಜೋಪಾನ.