ರಕ್ತ ವಾಂತಿ: ಎಷ್ಟು ಅಪಾಯ ಅಂತ ಅಳೆಯುವುದು ಹೇಗೆ?

ರಕ್ತ ವಾಂತಿ ಆದವರನ್ನು ಕರೆತಂದವರು ಬಾಗಿಲಲ್ಲೇ ಲೆಕ್ಕ ಒಪ್ಪಿಸುತ್ತಾರೆ. ‘ಅರ್ಧ ಬಕೆಟ್ ಹೋಯ್ತು ಡಾಕ್ಟ್ರೇ’ ಅಂತಾರೆ. ಇಲ್ಲವೇ ‘ಏನಿಲ್ಲ, ಎರಡು ಚಮಚ ಬಂತಷ್ಟೆ’ ಅಂತಾರೆ. ಎರಡನ್ನೂ ಕೇಳಿಸಿಕೊಳ್ಳುತ್ತೇನೆ, ಆದರೆ ಎರಡರ ಮೇಲೂ ಭಾರ ಹಾಕುವುದಿಲ್ಲ. ಬಕೆಟ್ ನೀರಿಗೆ ಸ್ವಲ್ಪ ರಕ್ತ ಬಿದ್ದರೂ ಸಾಕು, ಎಲ್ಲ ಕೆಂಪಾಗಿ ಕಾಣುತ್ತದೆ. ಅದೇ ಹೊಟ್ಟೆಯೊಳಗೆ ಒಂದು ಲೀಟರ್ ರಕ್ತ ತುಂಬಿಕೊಂಡು, ಹೊರಗೆ ಏನೂ ಕಾಣದೆಯೂ ಇರಬಹುದು. ಚೆಲ್ಲಿದ್ದನ್ನು ಅಳೆಯುವುದು ಕಷ್ಟ. ಮೈಯಲ್ಲಿ ಉಳಿದದ್ದು ಸಾಲುತ್ತಿದೆಯಾ ಅಂತ ನೋಡಬೇಕು.

ವಾರ್ಡಿಗೆ ಹೊಸದಾಗಿ ಬರುವ ಡಾಕ್ಟರುಗಳಿಗೂ ನರ್ಸುಗಳಿಗೂ ನಾನು ಹೇಳಿಕೊಡುವ ಕ್ರಮ ಇದು. ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು. ಆದರೆ ಒಂದು ಮಾತು: ರಕ್ತ ವಾಂತಿ ಆದರೆ, ಮಲ ಕಪ್ಪಗೆ ಅಂಟಂಟಾಗಿ ಹೋದರೆ, ಮನೆಯಲ್ಲಿ ಅಳೆಯುತ್ತಾ ಕೂರಬೇಡಿ. ಬಾಯಿಗೆ ಏನೂ ಕೊಡದೆ, ಒಂದು ಮಗ್ಗುಲಿಗೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಡಿ.

1. ಬಣ್ಣ ನೋಡಿ

ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ ಈ ಮೂರರಲ್ಲಿ ಎಲ್ಲಿ ರಕ್ತ ಸೋರಿದರೂ ಅದು ಮೇಲ್ಭಾಗದ ರಕ್ತಸ್ರಾವ. ತಾಜಾ ಕೆಂಪು ರಕ್ತ ವಾಂತಿಯಾದರೆ ಈಗಲೂ ಸೋರುತ್ತಿರಬಹುದು. ಕಾಫಿ ಪುಡಿಯಂಥ ವಾಂತಿಯಾದರೆ ರಕ್ತ ಆಸಿಡ್ ಜೊತೆ ಸ್ವಲ್ಪ ಹೊತ್ತು ಇತ್ತು ಅಂತ. ಸಾಮಾನ್ಯವಾಗಿ ಇದರ ಅಪಾಯ ಕಡಿಮೆ.

ಕಪ್ಪು ಮಲವನ್ನು ಮಾತ್ರ ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ಬಿಸಿ ಡಾಂಬರಿನ ಹಾಗೆ ಹೊಳೆಯುತ್ತದೆ, ನೀರು ಹಾಕಿದರೂ ಅಂಟಿಕೊಂಡಿರುತ್ತದೆ. ವಾಸನೆ ಬಾಗಿಲಾಚೆಗೂ ಬರುತ್ತದೆ. ಇದಕ್ಕೆ 50ರಿಂದ 100 ಎಂಎಲ್ ರಕ್ತ ಸೋರಿದರೂ ಸಾಕು. ಕಬ್ಬಿಣಾಂಶದ ಮಾತ್ರೆ ತಿಂದವರಿಗೂ ಮಲ ಕಪ್ಪಗಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಇನ್ನು ಮಲದಲ್ಲಿ ಕೆಂಪು ರಕ್ತ ಹೋಗುತ್ತಿದೆ, ಬಿಪಿಯೂ ಇಳಿದಿದೆ ಅಂದರೆ ಮೂಲವ್ಯಾಧಿ ಅಂತ ಸುಮ್ಮನಾಗಬೇಡಿ. ಮೇಲಿನಿಂದಲೇ ರಭಸವಾಗಿ ರಕ್ತ ಬಂದಾಗ ಕಪ್ಪಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ.

2. ಕೈ ಹಿಡಿಯಿರಿ

ನನ್ನ ಲೆಕ್ಕದಲ್ಲಿ ಇದೇ ಮುಖ್ಯ ಹಂತ. ಮಾನಿಟರ್ ಹಚ್ಚುವ ಮುಂಚೆ ರೋಗಿಯ ಅಂಗೈ ಹಿಡಿಯಿರಿ. ಬೆಚ್ಚಗಿದೆಯಾ? ತಣ್ಣಗೆ, ಬೆವರಿ ಜಿಗುಟಾಗಿದೆಯಾ? ಉಗುರನ್ನು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಮಾತಾಡಿಸಿ. ಸರಿಯಾಗಿ ಉತ್ತರ ಕೊಡುತ್ತಾರಾ, ತಡವರಿಸುತ್ತಾರಾ, ಸುಮ್ಮನೆ ಚಡಪಡಿಸುತ್ತಾರಾ?

ಆಮೇಲೆ ನಾಡಿ ಮತ್ತು ಬಿಪಿ. 70 ಕೆಜಿ ತೂಕದವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಮುಕ್ಕಾಲು ಲೀಟರ್ ಹೋಗುವವರೆಗೆ ಹೆಚ್ಚೇನೂ ಗೊತ್ತಾಗದೇ ಇರಬಹುದು. ಅಲ್ಲಿಂದ ಒಂದೂವರೆ ಲೀಟರ್‌ವರೆಗೆ ನಾಡಿ 100 ದಾಟುತ್ತದೆ, ಆದರೆ ಮಲಗಿದ್ದಾಗ ಬಿಪಿ ಸರಿಯಾಗಿಯೇ ಇರುತ್ತದೆ. ಮೋಸ ಹೋಗುವುದು ಇಲ್ಲೇ. ಬಿಪಿ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಮೈಯ ರಕ್ತದಲ್ಲಿ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ.

ಒಂದು ಸುಲಭ ಲೆಕ್ಕ ಇದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. ನಾಡಿ 70, ಬಿಪಿ 120 ಇದ್ದರೆ 0.6 ಬರುತ್ತದೆ, ಸರಿಯಿದೆ. ನಾಡಿ 110, ಬಿಪಿ 100 ಇದ್ದರೆ 1.1. ಒಂದನ್ನು ದಾಟಿದರೆ ಹಿರಿಯ ಡಾಕ್ಟರನ್ನು ಕೂಡಲೇ ಕರೆಯಿರಿ. ಮಲಗಿದ್ದಾಗ ಎಲ್ಲ ಸರಿ ಕಂಡರೆ ಮೆಲ್ಲಗೆ ಎಬ್ಬಿಸಿ ಮತ್ತೆ ನೋಡಿ. ಮೇಲಿನ ಬಿಪಿ 20 ಇಳಿದರೆ, ಕಣ್ಣು ಕತ್ತಲೆ ಬಂತು ಅಂದರೆ, ರಕ್ತ ಜಾಸ್ತಿಯೇ ಹೋಗಿದೆ. ಆಗಲೇ ಬಿಪಿ ಕಡಿಮೆ ಇರುವವರನ್ನು ಮಾತ್ರ ಎಬ್ಬಿಸಲೇಬೇಡಿ.

ಬೀಟಾ ಬ್ಲಾಕರ್, ಅಂದರೆ ಬಿಪಿಗೋ ಹಾರ್ಟ್‌ಗೋ ಕೊಡುವ, ನಾಡಿ ನಿಧಾನ ಮಾಡುವ ಮಾತ್ರೆ ನುಂಗುವವರ ನಾಡಿ ಏರದೇ ಇರಬಹುದು. 80 ಇದೆ ಅಂತ ಸಮಾಧಾನ ಪಡಬೇಡಿ. ಮಾತ್ರೆಯ ಚೀಟಿ ಕೇಳಿ ತರಿಸಿಕೊಳ್ಳಿ.

3. ನಾಲ್ಕು ಪ್ರಶ್ನೆ ಕೇಳಿ

ತಲೆ ಸುತ್ತಿ ಬಿದ್ದಿದ್ದರಾ? ಲಿವರ್ ಅಥವಾ ಹಾರ್ಟ್ ತೊಂದರೆ ಇದೆಯಾ? ನೋವಿನ ಮಾತ್ರೆ, ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ? ಹಿಂದೆ ಅಲ್ಸರ್ ಆಗಿತ್ತಾ? ಲಿವರ್ ಕೆಟ್ಟವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳ ಒಡೆದಿರಬಹುದು. ಅವರಿಗೆ ಔಷಧಿಯೇ ಬೇರೆ, ಆಂಟಿಬಯೋಟಿಕ್ ಕೂಡ ಬೇಕು. ಅದಕ್ಕೇ ಈ ಪ್ರಶ್ನೆ ತಡವಾಗಬಾರದು. ಇದೆಲ್ಲ ಕೇಳುವಷ್ಟರಲ್ಲಿ ಎರಡು ಕೈಗೂ ದಪ್ಪ ಸೂಜಿ ಹಾಕಿಸಿ, ರಕ್ತದ ಗುಂಪು ನೋಡಲು ಕಳಿಸಿರಬೇಕು.

4. ಮೊದಲ ಹಿಮೋಗ್ಲೋಬಿನ್ ನಂಬಬೇಡಿ

ನಾನು ಹೊಸಬನಾಗಿದ್ದಾಗಿನ ಒಂದು ರಾತ್ರಿ ನೆನಪಿದೆ. ಐವತ್ತು ದಾಟಿದವರೊಬ್ಬರು ಕಪ್ಪು ಮಲ ಅಂತ ಬಂದಿದ್ದರು. ಹಿಮೋಗ್ಲೋಬಿನ್ 13 ಬಂತು. ನಿರಾಳವಾಗಿ ಸಾಮಾನ್ಯ ವಾರ್ಡಿಗೆ ಕಳಿಸಿದೆ. ಚಾರ್ಟಿನಲ್ಲಿ ನಾಡಿ 116 ಅಂತ ನನ್ನ ಕೈಯಲ್ಲೇ ಬರೆದಿದ್ದೆ. ನಸುಕಿನಲ್ಲಿ ಅವರು ಬಚ್ಚಲಲ್ಲಿ ಕುಸಿದರು. ಆಗ ನೋಡಿದರೆ ಹಿಮೋಗ್ಲೋಬಿನ್ 8. ಬದುಕಿಕೊಂಡರು, ಆದರೆ ಆ 116 ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕಾರಣ ಸರಳ. ಅರ್ಧ ಪಾತ್ರೆ ಸಾರು ಚೆಲ್ಲಿದರೆ ಉಳಿದ ಸಾರು ತೆಳುವಾಗುವುದಿಲ್ಲ, ಅಲ್ವಾ? ಮೈಯ ನೀರು ರಕ್ತನಾಳಕ್ಕೆ ಇಳಿದು ಬಂದ ಮೇಲೆ, ಅಥವಾ ನಾವು ಡ್ರಿಪ್ ಕೊಟ್ಟ ಮೇಲೆ ರಕ್ತ ತೆಳುವಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ಪೂರ್ತಿ ಗೊತ್ತಾಗಲು ಒಂದು ದಿನಕ್ಕೂ ಜಾಸ್ತಿ ಬೇಕಾಗಬಹುದು. ಹಾಗಾಗಿ ಕೆಲವು ಗಂಟೆಗೊಮ್ಮೆ ಮತ್ತೆ ನೋಡಿಸಿ. ಜೊತೆಗೆ ರಕ್ತದಲ್ಲಿ ಯೂರಿಯಾ ನೋಡಿ, ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ತ್ಯಾಜ್ಯ ಅದು. ಒಳಗೆ ಸೋರಿದ ರಕ್ತವನ್ನು ಕರುಳು ಆಹಾರದ ಹಾಗೆಯೇ ಜೀರ್ಣ ಮಾಡುತ್ತದೆ. ಅದಕ್ಕೇ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿಯಿದ್ದು ಯೂರಿಯಾ ಮಾತ್ರ ಏರುತ್ತದೆ.

5. ಅಂಕ ಹಾಕಿ

2000ನೇ ಇಸವಿಯಲ್ಲಿ ಬಂದ ಗ್ಲಾಸ್ಗೋ ಬ್ಲ್ಯಾಚ್‌ಫರ್ಡ್ ಸ್ಕೋರ್ ಅಪಾಯ ಎಷ್ಟು ಅಂತ ಅಂಕದಲ್ಲಿ ಅಳೆಯಲು ಚೆನ್ನಾಗಿದೆ. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಗೆ ಮುಂಚೆಯೇ ಲೆಕ್ಕ ಹಾಕಬಹುದು. ಉದಾಹರಣೆಗೆ, ಒಬ್ಬ ಗಂಡಸಿಗೆ ನಾಡಿ 104 ಇದೆ: 1 ಅಂಕ. ಮೇಲಿನ ಬಿಪಿ 105: ಇನ್ನೊಂದು. ಕಪ್ಪು ಮಲ: ಮತ್ತೊಂದು. ಹಿಮೋಗ್ಲೋಬಿನ್ 11: 3 ಅಂಕ. ಯೂರಿಯಾ ರಿಪೋರ್ಟ್ ಬರುವ ಮುಂಚೆಯೇ 6 ಆಯಿತು. ತಲೆ ಸುತ್ತಿ ಬಿದ್ದಿದ್ದರೆ, ಲಿವರ್ ಕಾಯಿಲೆ ಇದ್ದರೆ, ಹಾರ್ಟ್ ಫೇಲ್ಯೂರ್ ಇದ್ದರೆ ಒಂದೊಂದಕ್ಕೂ 2. ಒಟ್ಟು 23ರವರೆಗೆ ಹೋಗುತ್ತದೆ. 0 ಅಥವಾ 1 ಬಂದವರನ್ನು ಮಾತ್ರ ಮನೆಗೆ ಕಳಿಸಿ, ಆಮೇಲೆ ಬರಹೇಳಬಹುದು. ಉಳಿದವರು ಆಸ್ಪತ್ರೆಯಲ್ಲೇ ಇರಲಿ.

ಎಲ್ಲರಿಗೂ ರಕ್ತ ಏರಿಸಬೇಕಿಲ್ಲ. ಬಿಪಿ ಸರಿಯಿದ್ದು ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಇಳಿದಾಗ ಸಾಕು. ಹಾರ್ಟ್ ತೊಂದರೆ ಇದ್ದವರಿಗೆ 8ರಲ್ಲೇ ಶುರು ಮಾಡುತ್ತೇವೆ. ರಕ್ತ ಸುರಿಯುತ್ತಲೇ ಇದ್ದರೆ ಈ ಅಂಕಿಗಳಿಗೆ ಕಾಯಬಾರದು.

6. ಒಳಗೆ ನೋಡಿ

ಮೊದಲು ನಾಡಿ, ಬಿಪಿ ಹತೋಟಿಗೆ ಬರಲಿ. ಆಮೇಲೆ 24 ಗಂಟೆಯೊಳಗೆ ಎಂಡೋಸ್ಕೋಪಿ. ಲಿವರ್ ಕಾಯಿಲೆಯಿಂದ ರಕ್ತನಾಳ ಒಡೆದ ಅನುಮಾನ ಇದ್ದರೆ 12 ಗಂಟೆಯೊಳಗೆ. ಅಲ್ಸರ್‌ನಿಂದ ರಕ್ತ ಚಿಮ್ಮುತ್ತಿದ್ದರೆ ಅಥವಾ ರಕ್ತನಾಳದ ತುದಿ ಎದ್ದು ಕಾಣುತ್ತಿದ್ದರೆ ಅಲ್ಲೇ ಕ್ಲಿಪ್ ಹಾಕಿ ಇಲ್ಲವೇ ಸುಟ್ಟು ನಿಲ್ಲಿಸುತ್ತಾರೆ. ಇಂಥವರಲ್ಲಿ ಮೊದಲ ಮೂರು ದಿನ ಮತ್ತೆ ಸೋರುವ ಭಯ ಜಾಸ್ತಿ. ರಾತ್ರಿ ಪಾಳಿಯವರು ಮೂರು ದಿನವೂ ನಾಡಿ ನೋಡಿ ಬರೆಯುತ್ತಿರಬೇಕು. 84 ಇದ್ದದ್ದು 102 ಆದರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ, ಆಗಲೇ ಫೋನ್ ಮಾಡಿ.